ಎಕ್ಸ್‌ಪೋರ್ಟ್ ಮಾಡಿದರೂ ಪಕ್ಕದ ಸ್ಕ್ರಿಪ್ಟ್‌ಗೆ ಯಾಕೆ ಸಿಗುವುದಿಲ್ಲ? ವೇರಿಯೆಬಲ್ ಹಂಚಿಕೊಳ್ಳುವ ದಾರಿಗಳು

ಚಿಕ್ಕಮಗಳೂರಿನಲ್ಲಿ ಒಂದು ಕಾಫಿ ವ್ಯಾಪಾರದ ಕಚೇರಿ ಇದೆ ಎಂದುಕೊಳ್ಳಿ. ಅಲ್ಲೊಂದು ಲಿನಕ್ಸ್ ಕಂಪ್ಯೂಟರ್, ಅದರಲ್ಲಿ ಮೂರು ಸಣ್ಣ ಸ್ಕ್ರಿಪ್ಟ್, ಅಂದರೆ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಫೈಲ್. ದರ.ಎಸ್‌ಎಚ್ ಎಂಬುದು ಬೆಳಿಗ್ಗೆ ಯಜಮಾನರು ಹೇಳಿದ ದರವನ್ನು ತೆಗೆದುಕೊಳ್ಳುತ್ತದೆ. ರಸೀದಿ.ಎಸ್‌ಎಚ್ ಮೂಟೆ ಇಳಿಸಿದ ಬೆಳೆಗಾರರಿಗೆ ಚೀಟಿ ಹೊಡೆದುಕೊಡುತ್ತದೆ. ಸಂದೇಶ.ಎಸ್‌ಎಚ್ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ಬೆಳೆಗಾರರ ಮೊಬೈಲ್‌ಗೆ ಆ ದಿನದ ದರ ಕಳಿಸುತ್ತದೆ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ, ಹೀಗೆ ನಾಲ್ಕು ಬಗೆ. ನಾಲ್ಕಕ್ಕೂ 50 ಕೆಜಿ ಮೂಟೆಯ ಲೆಕ್ಕದಲ್ಲಿ ದರ. ಮಧ್ಯಾಹ್ನದೊಳಗೆ ಅದು ಒಮ್ಮೆ ಬದಲಾಗಲೂಬಹುದು.

ಇಂಥ ಕಡೆ ಸ್ಕ್ರಿಪ್ಟ್ ಬರೆಯಲು ಕೂತ ಹುಡುಗರು ಮೊದಲು ಕೇಳುವ ಪ್ರಶ್ನೆ ಒಂದೇ: "ಸಾರ್, ದರ.ಎಸ್‌ಎಚ್ ಒಳಗೆ ಎಕ್ಸ್‌ಪೋರ್ಟ್ ಮಾಡಿದೀನಿ, ರಸೀದಿಗೆ ಯಾಕೆ ಬರ್ತಾ ಇಲ್ಲ?"

ವೇರಿಯೆಬಲ್ ಎಂದರೆ ಒಂದು ಹೆಸರು ಕೊಟ್ಟು ಇಟ್ಟುಕೊಂಡ ಮಾಹಿತಿ. ತಾನು ಶುರು ಮಾಡುವ ಬೇರೆ ಪ್ರೋಗ್ರಾಂಗಳಿಗೂ ಅದು ಸಿಗಲಿ ಎಂದು ಹೇಳುವ ಆದೇಶ ಎಕ್ಸ್‌ಪೋರ್ಟ್. ಆ ಪ್ರಶ್ನೆಗೆ ಉತ್ತರ ಚಿಕ್ಕದು. ಆದರೆ ಅದನ್ನು ಸರಿಯಾಗಿ ತಿಳಿದುಕೊಳ್ಳದೆ ಮುಂದೆ ಹೋದರೆ ತಪ್ಪು ದರದ ಚೀಟಿ ಬೆಳೆಗಾರರ ಕೈಗೆ ಹೋಗುತ್ತದೆ. ವರ್ಷವಿಡೀ ದುಡಿದು ತಂದ ಮೂಟೆಯ ಲೆಕ್ಕ ಅದು. ಆದ್ದರಿಂದ ಇದನ್ನು ಬುಡದಿಂದಲೇ ನೋಡೋಣ.

ಓದುವ ಮೊದಲು ಒಂದು ಮಾತು. ಇಲ್ಲಿ ಆದೇಶಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ನಾವು ಕೊಟ್ಟ ಆದೇಶ ಓದಿ ಓಡಿಸುವ ಪ್ರೋಗ್ರಾಂಗೆ ಶೆಲ್ ಎನ್ನುತ್ತಾರೆ, ಬ್ಯಾಶ್ ಅಂಥದ್ದೊಂದು ಶೆಲ್. ಬ್ಯಾಶ್‌ನಲ್ಲಿ ವೇರಿಯೆಬಲ್ ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಇವಿಷ್ಟೇ ನಡೆಯುತ್ತವೆ, ಅಂಕಿಯಿಂದ ಶುರುವಾಗುವ ಹಾಗಿಲ್ಲ. ವೇರಿಯೆಬಲ್ ಒಳಗೆ ಇಡುವ ಮಾಹಿತಿ ಮಾತ್ರ ಕನ್ನಡದಲ್ಲಿದ್ದರೂ ತೊಂದರೆ ಇಲ್ಲ. ದರದ ಅಂಕಿಗಳು ಲೆಕ್ಕಕ್ಕೆ ಸುಲಭವಾಗಲಿ ಅಂತ ಹಾಕಿದವು, ಮಾರುಕಟ್ಟೆಯ ದರ ಅಲ್ಲ.

ಮೊದಲು ಟರ್ಮಿನಲ್‌ನಲ್ಲಿ ಮಾಡಿ ನೋಡಿ

ಟರ್ಮಿನಲ್ ತೆರೆದು ಈ ಎರಡು ಸಾಲು ಹಾಕಿ:

ದರ=10000
ಬ್ಯಾಶ್ -ಸಿ 'ಎಕೋ $ದರ'

ಖಾಲಿ ಸಾಲು ಬರುತ್ತದೆ. ದರ ಎಂಬುದು ನಿಮ್ಮ ಶೆಲ್‌ಗೆ ಮಾತ್ರ ಗೊತ್ತು. ಎರಡನೇ ಸಾಲು ಶುರು ಮಾಡಿದ ಹೊಸ ಬ್ಯಾಶ್‌ಗೆ ಗೊತ್ತಿಲ್ಲ. ಈಗ ಹೀಗೆ ಮಾಡಿ:

ಎಕ್ಸ್‌ಪೋರ್ಟ್ ದರ
ಬ್ಯಾಶ್ -ಸಿ 'ಎಕೋ $ದರ'

ಈ ಸಲ 10000 ಬರುತ್ತದೆ. ಒಂಟಿ ಉದ್ಧರಣ ಚಿಹ್ನೆಯನ್ನೇ ಬಳಸಿ ಅಂತ ಒತ್ತಿ ಹೇಳುತ್ತೇನೆ. ಜೋಡಿ ಚಿಹ್ನೆ ಹಾಕಿದರೆ ನಿಮ್ಮ ಶೆಲ್ಲೇ $ದರ ಎಂಬಲ್ಲಿ 10000 ತುಂಬಿ ಕಳಿಸಿಬಿಡುತ್ತದೆ. ಎಕ್ಸ್‌ಪೋರ್ಟ್ ಮಾಡದಿದ್ದರೂ ಉತ್ತರ ಬರುತ್ತದೆ, ಪ್ರಯೋಗವೇ ದಾರಿ ತಪ್ಪಿಸುತ್ತದೆ.

ಮೂರನೆಯದನ್ನೂ ಮಾಡಿ:

ಬ್ಯಾಶ್ -ಸಿ 'ದರ=10500; ಎಕ್ಸ್‌ಪೋರ್ಟ್ ದರ'
ಎಕೋ $ದರ

10000 ಎಂದೇ ಬರುತ್ತದೆ. ಒಳಗೆ ಬದಲಾಯಿಸಿದ್ದು ಹೊರಗೆ ಬರಲಿಲ್ಲ. ಆ ಹುಡುಗರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಕಾರಣ ಇಷ್ಟೇ. ಶೆಲ್ ಒಂದು ಸ್ಕ್ರಿಪ್ಟನ್ನು ಓಡಿಸುವಾಗ ಹೊಸ ಪ್ರಾಸೆಸ್, ಅಂದರೆ ಓಡುತ್ತಿರುವ ಒಂದು ಪ್ರೋಗ್ರಾಂ, ಹುಟ್ಟುತ್ತದೆ. ಹುಟ್ಟುವ ಹೊತ್ತಿಗೆ, ಎಕ್ಸ್‌ಪೋರ್ಟ್ ಆದ ವೇರಿಯೆಬಲ್‌ಗಳ ಒಂದು ನಕಲು ಅದಕ್ಕೆ ಸಿಗುತ್ತದೆ. ಆಮೇಲೆ ಇಬ್ಬರ ದಾರಿ ಬೇರೆ. ತೂಕದ ಚೀಟಿಯ ಕಾರ್ಬನ್ ಪ್ರತಿಯನ್ನು ಹರಿದು ಕೊಟ್ಟ ಮೇಲೆ ನಿಮ್ಮ ಪುಸ್ತಕದಲ್ಲಿ ತಿದ್ದಿದರೆ ಆ ಪ್ರತಿಯಲ್ಲಿ ತಿದ್ದುಪಡಿ ಆಗುತ್ತದೆಯೇ? ಇಲ್ಲ, ಅಲ್ವಾ? ಇದೂ ಹಾಗೆಯೇ. ಪ್ರತಿ ಪಡೆದವರು ಅದರ ಮೇಲೆ ಗೀಚಿದರೂ ನಿಮ್ಮ ಪುಸ್ತಕಕ್ಕೆ ಗೊತ್ತಾಗುವುದಿಲ್ಲ.

ಈ ವ್ಯವಸ್ಥೆ 1979ರ ಯುನಿಕ್ಸ್ 7ನೇ ಆವೃತ್ತಿಯಿಂದ ಬಂದದ್ದು. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಬೋರ್ನ್ ಬರೆದ ಶೆಲ್ ಕೂಡ ಅದರ ಜೊತೆಗೇ ಬಂತು. 1989ರಲ್ಲಿ ಬಂದ ಬ್ಯಾಶ್ ಇದನ್ನೇ ಮುಂದುವರಿಸಿತು. ಯಾವ ಪ್ರೋಗ್ರಾಂ ಆದರೂ ತನ್ನನ್ನು ಶುರು ಮಾಡಿದವರ ಎನ್ವಿರಾನ್ಮೆಂಟನ್ನು (ಎಕ್ಸ್‌ಪೋರ್ಟ್ ಆದ ವೇರಿಯೆಬಲ್‌ಗಳ ಪಟ್ಟಿಯನ್ನು) ಕೆಡಿಸಲಾರದು ಎನ್ನುವುದು ದೊಡ್ಡ ರಕ್ಷಣೆ. ಇದನ್ನು ಮುರಿಯುವ ಉಪಾಯ ಹುಡುಕಬೇಡಿ. ನಿಮ್ಮ ಕೆಲಸಕ್ಕೆ ಹೊಂದುವ ದಾರಿ ಯಾವುದು ಎಂದು ನೋಡಿ.

ಮೊದಲ ದಾರಿ: ಒಬ್ಬರೇ ಎಲ್ಲರನ್ನೂ ಓಡಿಸುವುದು

ಮೂರೂ ಸ್ಕ್ರಿಪ್ಟ್ ಒಂದರ ಹಿಂದೆ ಒಂದು ಓಡಿ ಮುಗಿಯುವ ಕೆಲಸವಾದರೆ ಒಂದು ಮುಖ್ಯ ಸ್ಕ್ರಿಪ್ಟ್ ಸಾಕು. ಅದರಲ್ಲಿ ಮೇಲುಗಡೆ ಎಕ್ಸ್‌ಪೋರ್ಟ್ ಮಾಡಿ, ಕೆಳಗೆ ಒಂದೊಂದಾಗಿ ಕರೆಯಿರಿ:

ಎಕ್ಸ್‌ಪೋರ್ಟ್ ರೋಬಸ್ಟಾ_ಚೆರಿ=10000
./ರಸೀದಿ.ಎಸ್‌ಎಚ್
./ಸಂದೇಶ.ಎಸ್‌ಎಚ್

ಇಬ್ಬರಿಗೂ ಒಂದೇ ಅಂಕಿ ಹೋಗುತ್ತದೆ. ಒಬ್ಬರಿಗೆ ಮಾತ್ರ ಬೇಕಿದ್ದರೆ ಎಕ್ಸ್‌ಪೋರ್ಟ್ ಕೂಡ ಬೇಡ. ಆದೇಶದ ಮುಂದೆಯೇ ಬರೆಯಿರಿ:

ರೋಬಸ್ಟಾ_ಚೆರಿ=10000 ./ರಸೀದಿ.ಎಸ್‌ಎಚ್

ಆ ಒಂದು ಓಟಕ್ಕೆ ಮಾತ್ರ ಅನ್ವಯ, ನಿಮ್ಮ ಶೆಲ್‌ನಲ್ಲಿ ಏನೂ ಉಳಿಯುವುದಿಲ್ಲ. ಪರೀಕ್ಷೆ ಮಾಡುವಾಗ ನನಗೆ ತುಂಬಾ ಇಷ್ಟವಾದ ರೀತಿ ಇದು.

ಎರಡನೆಯ ದಾರಿ: ಸೋರ್ಸ್ ಮಾಡುವುದು

ಹೊಸ ಪ್ರಾಸೆಸ್ ಹುಟ್ಟಿಸದೆ, ಇನ್ನೊಂದು ಫೈಲಿನ ಸಾಲುಗಳನ್ನು ನಿಮ್ಮ ಶೆಲ್‌ನಲ್ಲೇ ಓಡಿಸುವುದಕ್ಕೆ ಸೋರ್ಸ್ ಎಂಬ ಆದೇಶ ಇದೆ. ಅದರ ಹಳೆಯ ರೂಪ ಬರೀ ಒಂದು ಚುಕ್ಕೆ:

. ./ದರ.ಎಸ್‌ಎಚ್

ಚುಕ್ಕೆ, ಒಂದು ಜಾಗ, ಆಮೇಲೆ ಚುಕ್ಕೆ ಮತ್ತು ಓರೆಗೆರೆ. ಮೊದಲ ಚುಕ್ಕೆ ಆದೇಶ, ಎರಡನೆಯದು ಈಗಿರುವ ಫೋಲ್ಡರ್. ಆ ಮೊದಲ ಚುಕ್ಕೆ ಬಿಟ್ಟುಹೋದರೆ ಸ್ಕ್ರಿಪ್ಟ್ ಬೇರೆ ಪ್ರಾಸೆಸ್ಸಾಗಿ ಓಡಿ ಮುಗಿದು, ಅದರಲ್ಲಿ ಸೆಟ್ ಆದದ್ದೆಲ್ಲ ಅದರ ಜೊತೆಗೇ ಹೋಗುತ್ತದೆ.

ಸ್ಕ್ರಿಪ್ಟ್‌ಗಳಲ್ಲಿ ಸೋರ್ಸ್ ಎಂಬ ಪದಕ್ಕಿಂತ ಚುಕ್ಕೆಯನ್ನೇ ಬಳಸುವುದು ಒಳ್ಳೆಯದು. ಉಬುಂಟುವಿನಲ್ಲಿ 2006ರಿಂದ ಎಸ್‌ಎಚ್ ಎಂದರೆ ಡ್ಯಾಶ್ ಎಂಬ ಬೇರೆ ಶೆಲ್. ಅದಕ್ಕೆ ಚುಕ್ಕೆ ಗೊತ್ತು, ಸೋರ್ಸ್ ಗೊತ್ತಿಲ್ಲ. ಟರ್ಮಿನಲ್‌ನಲ್ಲಿ ಸರಿಯಾಗಿ ಓಡಿದ್ದು ಬೇರೆ ಕಡೆ ಕೈಕೊಡುವುದಕ್ಕೆ ಇದೂ ಒಂದು ಕಾರಣ.

ಇದರಲ್ಲಿ ಎರಡು ಎಚ್ಚರಿಕೆ ಬೇಕು. ಸೋರ್ಸ್ ಮಾಡಿದ ಫೈಲಿನಲ್ಲಿ ಎಕ್ಸಿಟ್ ಇದ್ದರೆ ನಿಮ್ಮ ಶೆಲ್ಲೇ ಮುಚ್ಚಿಹೋಗುತ್ತದೆ, ಅಲ್ಲಿ ರಿಟರ್ನ್ ಬಳಸಬೇಕು. ಆ ಫೈಲಿನಲ್ಲಿ ಫೋಲ್ಡರ್ ಬದಲಾಯಿಸಿದ್ದರೆ, ಶೆಲ್‌ನ ಸೆಟ್ಟಿಂಗ್ ಮುಟ್ಟಿದ್ದರೆ ಅದೆಲ್ಲ ನಿಮ್ಮ ಕಡೆಗೂ ಬರುತ್ತದೆ. ಆದ್ದರಿಂದ ಕೆಲಸ ಮಾಡುವ ಸ್ಕ್ರಿಪ್ಟನ್ನು ಸೋರ್ಸ್ ಮಾಡಬೇಡಿ. ವೇರಿಯೆಬಲ್‌ಗಳನ್ನು ಮಾತ್ರ ಒಂದು ಬೇರೆ ಫೈಲಿಗೆ ತೆಗೆದಿಟ್ಟು ಅದನ್ನು ಸೋರ್ಸ್ ಮಾಡಿ.

ಮೂರನೆಯ ದಾರಿ: ಮಗು ಹೇಳುವುದು, ತಾಯಿ ಬರೆದುಕೊಳ್ಳುವುದು

ಶುರು ಮಾಡಿದ ಪ್ರಾಸೆಸ್ ತಾಯಿ, ಅದು ಹುಟ್ಟಿಸಿದ್ದು ಮಗು. ಒಳಗಿನ ಸ್ಕ್ರಿಪ್ಟ್‌ನಿಂದ ಹೊರಗೆ ಮಾಹಿತಿ ತರಬೇಕಾದರೆ ಅದು ಎಕೋ ಮಾಡಲಿ, ನೀವು ಹಿಡಿದುಕೊಳ್ಳಿ:

ರೋಬಸ್ಟಾ_ಚೆರಿ=$(./ದರ.ಎಸ್‌ಎಚ್)

ದರ.ಎಸ್‌ಎಚ್ ಏನು ಮುದ್ರಿಸುತ್ತದೋ ಅದೆಲ್ಲ ವೇರಿಯೆಬಲ್ ಒಳಗೆ ಹೋಗುತ್ತದೆ. "ದರ ತರುತ್ತಿದ್ದೇನೆ, ತಾಳಿ" ಎಂಬ ಸಾಲೂ ಅಂಕಿಯ ಜೊತೆ ಸೇರಿಕೊಳ್ಳುತ್ತದೆ. ಹಾಗಾಗಿ ಇಂಥ ಮಾತುಗಳನ್ನು ದೋಷದ ಹಾದಿಗೆ ತಿರುಗಿಸಿ, ಸಾಲಿನ ಕೊನೆಗೆ >&2 ಎಂದು ಬರೆದರೆ ಆಯಿತು. ಪರದೆಯ ಮೇಲೆ ಕಾಣುತ್ತದೆ, ವೇರಿಯೆಬಲ್ ಒಳಗೆ ಹೋಗುವುದಿಲ್ಲ.

ಒಂದಕ್ಕಿಂತ ಜಾಸ್ತಿ ವೇರಿಯೆಬಲ್ ಬೇಕಿದ್ದರೆ ಒಳಗಿನ ಪ್ರೋಗ್ರಾಂ ಎಕ್ಸ್‌ಪೋರ್ಟ್ ಸಾಲುಗಳನ್ನೇ ಮುದ್ರಿಸಿ, ಹೊರಗಿನ ಶೆಲ್ ಅದನ್ನು ಈವ್ಯಾಲ್ ಮೂಲಕ ಓಡಿಸುವ ಪದ್ಧತಿ ಇದೆ. ಎಸ್‌ಎಸ್‌ಎಚ್ ಏಜೆಂಟ್ ಬಳಸುವವರು ಇದನ್ನು ನೋಡಿರುತ್ತೀರಿ, ಅದು ಹೀಗೇ ಕೆಲಸ ಮಾಡುತ್ತದೆ. ಆದರೆ ಈವ್ಯಾಲ್ ಕೈಗೆ ಏನು ಕೊಟ್ಟರೂ ಓಡಿಸಿಬಿಡುತ್ತದೆ. ಇಂಟರ್‌ನೆಟ್‌ನಿಂದ ತಂದ ಅಥವಾ ಯಾರೋ ಟೈಪ್ ಮಾಡಿದ ಪಠ್ಯವನ್ನು ಅದಕ್ಕೆ ಕೊಡಲೇಬೇಡಿ. ನೀವೇ ಬರೆದ ಪ್ರೋಗ್ರಾಂ ಆದರೂ ಪ್ರಿಂಟ್‌ಎಫ್‌ನ %ಕ್ಯೂ ಬಳಸಿ ಮುದ್ರಿಸಿ. ಜಾಗ, ಉದ್ಧರಣ ಚಿಹ್ನೆ ಇದ್ದರೂ ಅದು ಸುರಕ್ಷಿತವಾಗಿ ಕಟ್ಟಿಕೊಡುತ್ತದೆ.

ಇಲ್ಲೇ ಇನ್ನೊಂದು ವಿಷಯ. ಒಂದು ಆದೇಶ ಮುದ್ರಿಸಿದ್ದನ್ನು ಇನ್ನೊಂದಕ್ಕೆ ಕೊಡುವ ಪೈಪ್ ಚಿಹ್ನೆ (|) ಹಾಕಿ, ಅದರ ಬಲಗಡೆ ವೈಲ್ ಲೂಪ್‌ನಲ್ಲಿ ಒಟ್ಟು ಮೂಟೆ ಎಣಿಸುತ್ತೀರಿ, ಲೂಪ್ ಮುಗಿದ ಮೇಲೆ ನೋಡಿದರೆ ಸೊನ್ನೆ. ಬ್ಯಾಶ್ ಪೈಪಿನ ಆ ಭಾಗವನ್ನು ಬೇರೆ ಪ್ರಾಸೆಸ್‌ನಲ್ಲಿ ಓಡಿಸುತ್ತದೆ, ಎಣಿಕೆ ಅಲ್ಲೇ ಉಳಿಯುತ್ತದೆ. ಪೈಪ್ ಬಿಟ್ಟು, ಲೂಪಿನ ಕೊನೆಯ ಡನ್ ಪದದ ನಂತರ < ಚಿಹ್ನೆ ಹಾಕಿ ಫೈಲನ್ನು ನೇರ ಕೊಡಿ. ಲೆಕ್ಕ ಉಳಿಯುತ್ತದೆ.

ನಾಲ್ಕನೆಯದು, ಮುಖ್ಯವಾದದ್ದು: ಒಂದೇ ದರಪಟ್ಟಿ ಫೈಲ್

ಮೇಲಿನ ಮೂರು ದಾರಿಗಳಲ್ಲೂ ಒಂದು ಕೊರತೆ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ ರಸೀದಿ ಸ್ಕ್ರಿಪ್ಟ್ ಸಂಜೆವರೆಗೆ ಓಡುತ್ತಲೇ ಇರುತ್ತದೆ. ಹನ್ನೊಂದೂವರೆಗೆ ದರ ಬದಲಾಯಿತು. ಅದರ ಎನ್ವಿರಾನ್ಮೆಂಟ್ ಒಂಬತ್ತು ಗಂಟೆಯ ನಕಲು. ಹೊರಗಿನಿಂದ ಅದನ್ನು ತಿದ್ದುವ ಸರಳ ದಾರಿ ಯಾವುದೂ ಇಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ. ಪ್ರಾಸೆಸ್ ಹುಟ್ಟಿದ ಮೇಲೆ ಬದಲಾಗದ ಸಂಗತಿಗಳಿಗೆ ಮಾತ್ರ ಎನ್ವಿರಾನ್ಮೆಂಟ್ ಬಳಸಿ. ಕಚೇರಿಯ ಹೆಸರು, ಪ್ರಿಂಟರ್ ಹೆಸರು, ದರಪಟ್ಟಿ ಎಲ್ಲಿದೆ ಎಂಬ ವಿಳಾಸ, ಇಂಥವಕ್ಕೆ. ಓಡುತ್ತಿರುವಾಗ ಬದಲಾಗುವ ದರ ಮಾತ್ರ ಒಂದು ಫೈಲಿನಲ್ಲಿರಲಿ. ಯಾರಿಗೆ ಬೇಕೋ ಅವರು ಬೇಕಾದಾಗ ಹೋಗಿ ಓದಿಕೊಳ್ಳಲಿ.

ಹೆಜ್ಜೆ 1. ಫೈಲ್ ಬರೆಯುವುದು. ಹೆಸರು ದರಪಟ್ಟಿ.ಎನ್ವ್ ಎಂದಿರಲಿ:

ರೋಬಸ್ಟಾ_ಚೆರಿ=10000
ಅರೇಬಿಕಾ_ಪಾರ್ಚ್‌ಮೆಂಟ್=20000
ದರ_ದಿನಾಂಕ=2025-01-15
ಸೂಚನೆ="ಭಾನುವಾರ ಖರೀದಿ ಇಲ್ಲ"

ಸಮ ಚಿಹ್ನೆಯ ಎರಡೂ ಕಡೆ ಜಾಗ ಬಿಡಬಾರದು. ಮಧ್ಯೆ ಜಾಗ ಇರುವ ಪಠ್ಯಕ್ಕೆ ಉದ್ಧರಣ ಚಿಹ್ನೆ ಬೇಕೇ ಬೇಕು. ದಿನಾಂಕದ ಸಾಲು ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಈ ಫೈಲನ್ನು ವಿಂಡೋಸ್ ಕಂಪ್ಯೂಟರ್‌ನ ನೋಟ್‌ಪ್ಯಾಡ್‌ನಲ್ಲಿ ಹೊಸದಾಗಿ ಬರೆದು ಪೆನ್‌ಡ್ರೈವ್‌ನಲ್ಲಿ ತಂದರೆ ಒಂದು ತೊಂದರೆ ಕಾಯುತ್ತಿರುತ್ತದೆ. ವಿಂಡೋಸ್ ಸಾಲಿನ ಕೊನೆಯಲ್ಲಿ ಎರಡು ಗುರುತು ಇಡುತ್ತದೆ, ಲಿನಕ್ಸ್ ಒಂದೇ ಗುರುತು. ಹೆಚ್ಚುವರಿ ಗುರುತು 10000ದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಎಕೋ ಮಾಡಿದರೆ 10000 ಎಂದೇ ಕಾಣುತ್ತದೆ. ಗುಣಿಸಲು ಹೋದರೆ ಅರ್ಥವಾಗದ ದೋಷ ಬರುತ್ತದೆ. ಎಲ್ಲ ಸರಿ ಇದ್ದೂ ಲೆಕ್ಕ ಕೂಡದಿದ್ದರೆ ಕ್ಯಾಟ್ ಆದೇಶಕ್ಕೆ ದೊಡ್ಡ -ಎ ಸೇರಿಸಿ ಫೈಲ್ ನೋಡಿ. ಸಾಲಿನ ಕೊನೆಯಲ್ಲಿ ^ಎಂ$ ಎಂದು ಕಂಡರೆ ಕಾರಣ ಸಿಕ್ಕಿತು. ಡಾಸ್2ಯುನಿಕ್ಸ್ ಎಂಬ ಸಣ್ಣ ಪ್ರೋಗ್ರಾಂ ಅದನ್ನು ತೆಗೆದುಹಾಕುತ್ತದೆ.

ಹೆಜ್ಜೆ 2. ಓದುವುದು. ಪ್ರತಿಯೊಂದು ಸ್ಕ್ರಿಪ್ಟ್‌ನಲ್ಲಿ ಈ ಮೂರು ಸಾಲು:

ಸೆಟ್ -ಎ
. /ಪೂರ್ತಿ/ವಿಳಾಸ/ದರಪಟ್ಟಿ.ಎನ್ವ್
ಸೆಟ್ +ಎ

ಸೆಟ್ -ಎ ಎಂದಮೇಲೆ ಬರುವ ವೇರಿಯೆಬಲ್‌ಗಳೆಲ್ಲ ತಾವಾಗಿಯೇ ಎಕ್ಸ್‌ಪೋರ್ಟ್ ಆಗುತ್ತವೆ. ಸೆಟ್ +ಎ ಅದನ್ನು ನಿಲ್ಲಿಸುತ್ತದೆ. ಇದರಿಂದ ಫೈಲಿನಲ್ಲಿ ಪ್ರತಿ ಸಾಲಿಗೂ ಎಕ್ಸ್‌ಪೋರ್ಟ್ ಎಂದು ಬರೆಯುವುದು ತಪ್ಪುತ್ತದೆ. ವಿಳಾಸ ಪೂರ್ತಿ ಕೊಡಿ. ಬರೀ ಹೆಸರು ಕೊಟ್ಟರೆ ಶೆಲ್ ಅದನ್ನು ಪಾತ್ ಎಂಬ ವೇರಿಯೆಬಲ್ ಹೇಳುವ ಫೋಲ್ಡರ್‌ಗಳಲ್ಲಿ ಹುಡುಕಲು ಹೋಗುತ್ತದೆ.

ಹೆಜ್ಜೆ 3. ಓದಿದ್ದನ್ನು ಪರೀಕ್ಷಿಸುವುದು. ಇದನ್ನು ದಯವಿಟ್ಟು ಬಿಡಬೇಡಿ. ದರ ಖಾಲಿ ಇದ್ದರೆ ಶೆಲ್ ಸುಮ್ನೆ ಖಾಲಿ ಎಂದುಕೊಂಡು ಮುಂದೆ ಹೋಗುತ್ತದೆ, ಚೀಟಿಯಲ್ಲಿ ಸೊನ್ನೆ ರೂಪಾಯಿ ಬರುತ್ತದೆ. ಈ ರೂಪ ಬಳಸಿ:

: "${ರೋಬಸ್ಟಾ_ಚೆರಿ:?ದರ ಹಾಕಿಲ್ಲ, ಕಚೇರಿಯಲ್ಲಿ ವಿಚಾರಿಸಿ}"

ವೇರಿಯೆಬಲ್ ಇಲ್ಲದಿದ್ದರೆ ಅಥವಾ ಖಾಲಿ ಇದ್ದರೆ ಸ್ಕ್ರಿಪ್ಟ್ ಆ ಸಂದೇಶ ತೋರಿಸಿ ಅಲ್ಲೇ ನಿಲ್ಲುತ್ತದೆ. ಅದರ ಕೆಳಗೆ ದರ_ದಿನಾಂಕವನ್ನು ಇವತ್ತಿನ ದಿನಾಂಕದ ಜೊತೆ ಹೋಲಿಸಿ. ಬೇರೆ ಇದ್ದರೆ ನಿಲ್ಲಿಸಿ. ನಿನ್ನೆಯ ದರದಲ್ಲಿ ಇವತ್ತಿನ ಮೂಟೆಗೆ ಚೀಟಿ ಹೊಡೆಯುವುದಕ್ಕಿಂತ ಬೆಳೆಗಾರರನ್ನು ಐದು ನಿಮಿಷ ಕಾಯಿಸುವುದು ಎಷ್ಟೋ ವಾಸಿ.

ಹೆಜ್ಜೆ 4. ಬದಲಾಯಿಸುವುದು. ಎಲ್ಲಕ್ಕಿಂತ ಜಾಸ್ತಿ ಗಮನ ಬೇಕಾದದ್ದು ಇಲ್ಲಿ. ದರಪಟ್ಟಿ.ಎನ್ವ್ ಫೈಲಿಗೆ ನೇರವಾಗಿ > ಚಿಹ್ನೆ ಹಾಕಿ ಬರೆದರೆ, ಮೊದಲು ಫೈಲ್ ಖಾಲಿಯಾಗುತ್ತದೆ, ಆಮೇಲೆ ಒಂದೊಂದಾಗಿ ಸಾಲು ತುಂಬುತ್ತದೆ. ಆ ನಡುವಿನ ಕ್ಷಣದಲ್ಲಿ ರಸೀದಿ ಸ್ಕ್ರಿಪ್ಟ್ ಓದಿದರೆ ಅರ್ಧ ದರಪಟ್ಟಿ ಸಿಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಬರೆಯುವಾಗಲೇ ಹೋದರೆ ಅರ್ಧ ಫೈಲೇ ಉಳಿಯುತ್ತದೆ.

ಸರಿಯಾದ ಕ್ರಮ: ಬೇರೆ ಹೆಸರಿನ ತಾತ್ಕಾಲಿಕ ಫೈಲಿಗೆ ಪೂರ್ತಿ ಬರೆದು, ಎಂವಿ ಆದೇಶದಿಂದ ಅದನ್ನು ದರಪಟ್ಟಿ.ಎನ್ವ್ ಎಂದು ಹೆಸರು ಬದಲಾಯಿಸುವುದು. ಒಂದೇ ಡಿಸ್ಕ್ ವಿಭಾಗದ ಒಳಗೆ ಹೆಸರು ಬದಲಾಗುವುದು ಒಂದೇ ಏಟಿಗೆ ಆಗುತ್ತದೆ. ಓದುವವರಿಗೆ ಹಳೆಯದು ಪೂರ್ತಿ ಸಿಗುತ್ತದೆ, ಇಲ್ಲವೇ ಹೊಸದು ಪೂರ್ತಿ ಸಿಗುತ್ತದೆ. ಅರ್ಧಂಬರ್ಧ ಸಿಗುವುದಿಲ್ಲ. ಕರೆಂಟ್ ಭಯ ಇರುವ ಕಡೆ ಎಂವಿಗೆ ಮುಂಚೆ ಸಿಂಕ್ ಆದೇಶ ಕೊಟ್ಟರೆ ಬರೆದದ್ದು ಡಿಸ್ಕಿಗೆ ಇಳಿಯುತ್ತದೆ.

ಇದರಲ್ಲಿ ಎರಡು ಸೂಕ್ಷ್ಮ ಇವೆ. ತಾತ್ಕಾಲಿಕ ಫೈಲ್ ದರಪಟ್ಟಿ ಇರುವ ಫೋಲ್ಡರ್‌ನಲ್ಲೇ ಇರಲಿ. ಸಾಮಾನ್ಯವಾಗಿ ಬಳಸುವ ಟೆಂಪ್ ಫೋಲ್ಡರ್ ಬೇರೆ ವಿಭಾಗದಲ್ಲಿದ್ದರೆ ಎಂವಿ ಎಂದರೆ ನಕಲು ಮಾಡಿ ಹಳೆಯದನ್ನು ಅಳಿಸುವುದು ಅಷ್ಟೇ, ಒಂದೇ ಏಟಿಗೆ ಆಗುವುದಿಲ್ಲ. ಎರಡನೆಯದಾಗಿ, ಎಂಕೆಟೆಂಪ್ ಆದೇಶದಿಂದ ಮಾಡಿದ ಫೈಲಿಗೆ ಅನುಮತಿ 600, ಅಂದರೆ ಮಾಡಿದವರು ಮಾತ್ರ ಓದಬಹುದು. ಚೀಟಿ ಹೊಡೆಯುವವರು ಬೇರೆ ಲಾಗಿನ್‌ನಲ್ಲಿದ್ದರೆ ದರ ಬದಲಾದ ಕೂಡಲೇ ಅವರಿಗೆ ಫೈಲ್ ತೆರೆಯುವುದೇ ಇಲ್ಲ. ಎಂವಿಗೆ ಮುಂಚೆ ಸಿಎಚ್‌ಮಾಡ್ 644 ಕೊಡಿ, ಆಗ ಎಲ್ಲರೂ ಓದಬಹುದು.

ಇಬ್ಬರು ಒಂದೇ ಹೊತ್ತಿಗೆ ದರ ಬದಲಾಯಿಸುವ ಸಾಧ್ಯತೆ ಇದೆಯೇ? ಹಾಗಿದ್ದರೆ ಎಫ್‌ಲಾಕ್ ಬಳಸಿ ಬೀಗ ಹಾಕಿ. ಬೀಗಕ್ಕೆ ದರಪಟ್ಟಿ.ಲಾಕ್ ಎಂದು ಬೇರೆಯೇ ಒಂದು ಖಾಲಿ ಫೈಲ್ ಇಟ್ಟುಕೊಳ್ಳಿ. ದರಪಟ್ಟಿ ಫೈಲಿಗೇ ಬೀಗ ಹಾಕಿದರೆ ಪ್ರಯೋಜನ ಇಲ್ಲ, ಎಂವಿ ಆದ ಮೇಲೆ ಆ ಹೆಸರಿನಲ್ಲಿ ಇರುವುದು ಬೇರೆ ಫೈಲ್, ಬೀಗ ಹಳೆಯ ಫೈಲಿನ ಮೇಲೆ ಉಳಿದಿರುತ್ತದೆ.

ಹೆಜ್ಜೆ 5. ಯಾವಾಗ ಮತ್ತೆ ಓದಬೇಕು? ರಸೀದಿ ಸ್ಕ್ರಿಪ್ಟ್ ಪ್ರತಿ ಬೆಳೆಗಾರರ ಚೀಟಿ ಶುರುವಾಗುವಾಗ ಒಮ್ಮೆ ಫೈಲ್ ಓದಲಿ. ಆ ಚೀಟಿ ಮುಗಿಯುವವರೆಗೆ ಅದೇ ದರ. ಸಾಲಿಗೊಮ್ಮೆ ಓದಬಾರದು. ಇಪ್ಪತ್ತು ಮೂಟೆಯ ಮೊದಲ ಹತ್ತಕ್ಕೆ ಒಂದು ದರ, ಉಳಿದ ಹತ್ತಕ್ಕೆ ಇನ್ನೊಂದು ದರ ಬಂದರೆ ಕೌಂಟರ್‌ನಲ್ಲಿ ನಿಂತವರಿಗೆ ಏನಂತ ಹೇಳುತ್ತೀರಿ? ಬಳಸಿದ ದರ ಮತ್ತು ಓದಿದ ಹೊತ್ತನ್ನು ಚೀಟಿಯಲ್ಲೇ ಮುದ್ರಿಸಿ. ನಾಳೆ ಯಾರಾದರೂ "ಅಣ್ಣ, ನಂಗೆ ಯಾವ ರೇಟ್ ಹಾಕಿದ್ರಿ?" ಅಂತ ಕೇಳಿದರೆ ಉತ್ತರ ಅವರ ಕೈಯಲ್ಲೇ ಇರುತ್ತದೆ.

ದರ ಬದಲಾದ ಕೂಡಲೇ ಸ್ಕ್ರಿಪ್ಟ್‌ಗೆ ಗೊತ್ತಾಗಲೇಬೇಕು ಎಂದರೆ ಸಿಗ್ನಲ್, ಅಂದರೆ ಓಡುತ್ತಿರುವ ಪ್ರಾಸೆಸ್‌ಗೆ ಒಂದು ಸಣ್ಣ ಸೂಚನೆ, ಕಳಿಸಬಹುದು. ಸಂದೇಶ.ಎಸ್‌ಎಚ್‌ನಲ್ಲಿ ಟ್ರ್ಯಾಪ್ ಬಳಸಿ, ಯೂಎಸ್‌ಆರ್1 ಸಿಗ್ನಲ್ ಬಂದರೆ ಫೈಲ್ ಓದು ಎಂದು ಬರೆಯಿರಿ. ದರ.ಎಸ್‌ಎಚ್ ಕೊನೆಗೆ ಕಿಲ್ ಆದೇಶದಿಂದ ಆ ಸಿಗ್ನಲ್ ಕಳಿಸಲಿ. ಸ್ಕ್ರಿಪ್ಟ್ ಸ್ಲೀಪ್‌ನಲ್ಲಿದ್ದರೆ ಬ್ಯಾಶ್ ಆ ಸ್ಲೀಪ್ ಮುಗಿಯುವವರೆಗೆ ಟ್ರ್ಯಾಪ್ ಓಡಿಸುವುದಿಲ್ಲ. ಸ್ಲೀಪ್ ಆದೇಶದ ಕೊನೆಗೆ & ಹಾಕಿ ಹಿನ್ನೆಲೆಗೆ ಕಳಿಸಿ, ವೇಟ್ ಮಾಡಿಸಿದರೆ ಕೂಡಲೇ ಎಚ್ಚರಾಗುತ್ತದೆ. ಸಣ್ಣ ಕಚೇರಿಗೆ ಇಷ್ಟೆಲ್ಲ ಬೇಡ ಅನ್ನುವುದು ನನ್ನ ಅನಿಸಿಕೆ. ಪ್ರತಿ ಸಲ ಫೈಲ್ ಓದುವುದೇ ಸಾಕು.

ಫೈಲ್ ಎಲ್ಲಿಡಬೇಕು ಎಂಬುದನ್ನೂ ಯೋಚಿಸಿ. ರನ್ ಫೋಲ್ಡರ್‌ನ ಒಳಗೆ ಪ್ರತಿ ಬಳಕೆದಾರರಿಗೂ ಒಂದು ಜಾಗ ಇರುತ್ತದೆ. ಅದು ಮೆಮೊರಿಯಲ್ಲೇ ಇರುವುದರಿಂದ ವೇಗ ಜಾಸ್ತಿ. ಆದರೆ ಕೊನೆಯ ಲಾಗಿನ್ ಮುಚ್ಚಿದ ಮೇಲೆ ಅದು ಅಳಿದುಹೋಗುತ್ತದೆ. ದರಪಟ್ಟಿಗೆ ಅದು ತಕ್ಕ ಜಾಗ ಅಲ್ಲ.

ಕ್ರಾನ್‌ನಲ್ಲಿ ಹಾಕಿದಾಗ

ಬೆಳಿಗ್ಗೆ ಏಳಕ್ಕೆ ಸಂದೇಶ ಹೋಗಲಿ ಅಂತ, ಹೇಳಿದ ಹೊತ್ತಿಗೆ ಆದೇಶ ಓಡಿಸುವ ಕ್ರಾನ್‌ಗೆ ಹಾಕುತ್ತೀರಿ. ಟರ್ಮಿನಲ್‌ನಲ್ಲಿ ಓಡಿದ ಸ್ಕ್ರಿಪ್ಟ್ ಅಲ್ಲಿ ಓಡುವುದಿಲ್ಲ. ಕ್ರಾನ್ ನಿಮ್ಮ ಟರ್ಮಿನಲ್‌ನ ಮಗು ಅಲ್ಲ. ಅದು ಕೊಡುವ ಎನ್ವಿರಾನ್ಮೆಂಟ್ ತೀರಾ ಕಡಿಮೆ: ಹೋಮ್, ಲಾಗ್‌ನೇಮ್, ಶೆಲ್, ಒಂದು ಗಿಡ್ಡ ಪಾತ್, ಹೆಚ್ಚುಕಮ್ಮಿ ಇಷ್ಟೇ. ಶೆಲ್ ಕೂಡ ಎಸ್‌ಎಚ್, ಬ್ಯಾಶ್ ಅಲ್ಲ.

ಬ್ಯಾಶ್ ಟರ್ಮಿನಲ್‌ನಲ್ಲಿ ಶುರುವಾಗುವಾಗ ಓದುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಹಾಕಿದರೆ ಆಗುತ್ತದೆ ಎಂದು ಹಲವರು ಹೇಳುತ್ತಾರೆ. ಕ್ರಾನ್ ಅದನ್ನು ಓದುವುದೇ ಇಲ್ಲ. ಸೋರ್ಸ್ ಮಾಡಿದರೂ ಉಬುಂಟುವಿನಲ್ಲಿ ಆ ಫೈಲಿನ ಮೇಲ್ಭಾಗದಲ್ಲೇ, ಮನುಷ್ಯರು ಕೂತು ಬಳಸುವ ಶೆಲ್ ಅಲ್ಲದಿದ್ದರೆ ಇಲ್ಲೇ ನಿಲ್ಲು ಎಂಬ ಸಾಲು ಇದೆ. ಕೆಳಗೆ ನೀವು ಬರೆದದ್ದನ್ನು ಅದು ಮುಟ್ಟುವುದಿಲ್ಲ. ಕ್ರಾನ್‌ನ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್‌ನಲ್ಲೇ ವೇರಿಯೆಬಲ್ ಬರೆಯಬಹುದು, ಆದರೆ ಅದರೊಳಗೆ $ಹೋಮ್ ಎಂದರೆ ಅದು ಬಿಡಿಸಿ ಓದುವುದಿಲ್ಲ, ಅಕ್ಷರಶಃ ಹಾಗೇ ಇಡುತ್ತದೆ. ಆದೇಶದ ಸಾಲಿನಲ್ಲಿ % ಚಿಹ್ನೆ ಬಂದರೆ ಹೊಸ ಸಾಲು ಎಂದು ತಿಳಿಯುತ್ತದೆ. ಹಾಗಾಗಿ % ಬರುವ ದಿನಾಂಕದ ಆದೇಶವನ್ನು ಕ್ರಾನ್‌ಟ್ಯಾಬ್‌ನಲ್ಲಿ ಬರೆಯದೆ ಸ್ಕ್ರಿಪ್ಟ್ ಒಳಗೇ ಇಡಿ.

ಸ್ಕ್ರಿಪ್ಟ್ ತಾನೇ ಪೂರ್ತಿ ವಿಳಾಸದಿಂದ ದರಪಟ್ಟಿ.ಎನ್ವ್ ಓದುತ್ತಿದ್ದರೆ ಈ ತಲೆನೋವುಗಳಲ್ಲಿ ಹೆಚ್ಚಿನವು ನಿಮಗೆ ಬರುವುದೇ ಇಲ್ಲ. ಮೊದಲೇ ಪರೀಕ್ಷಿಸಲು, ಖಾಲಿ ಎನ್ವಿರಾನ್ಮೆಂಟ್ ಕೊಟ್ಟು ಓಡಿಸಿ:

ಎನ್ವ್ -ಐ /ಬಿನ್/ಎಸ್‌ಎಚ್ ./ಸಂದೇಶ.ಎಸ್‌ಎಚ್

ಇದರಲ್ಲಿ ಓಡಿದರೆ ಕ್ರಾನ್‌ನಲ್ಲೂ ಬಹುಮಟ್ಟಿಗೆ ಓಡುತ್ತದೆ.

ಸ್ಕ್ರಿಪ್ಟನ್ನು ಸಿಸ್ಟಂಡಿ (ಲಿನಕ್ಸ್‌ನಲ್ಲಿ ಹಿನ್ನೆಲೆಯ ಕೆಲಸಗಳನ್ನು ಶುರು ಮಾಡಿ ನೋಡಿಕೊಳ್ಳುವ ವ್ಯವಸ್ಥೆ) ಸರ್ವಿಸ್ ಆಗಿ ಓಡಿಸುವವರು ಎನ್ವಿರಾನ್ಮೆಂಟ್‌ಫೈಲ್ ಎಂಬ ಸಾಲಿನಲ್ಲಿ ಇದೇ ದರಪಟ್ಟಿ ಫೈಲಿನ ವಿಳಾಸ ಕೊಡಬಹುದು. ಅದನ್ನು ಓದುವುದು ಶೆಲ್ ಅಲ್ಲ. ಎಕ್ಸ್‌ಪೋರ್ಟ್ ಎಂಬ ಪದ ಫೈಲಿನಲ್ಲಿ ಇರಬಾರದು, ಒಂದು ವೇರಿಯೆಬಲ್ ಒಳಗೆ ಇನ್ನೊಂದನ್ನು $ ಹಾಕಿ ಕರೆಯಬಾರದು. ಅಲ್ಲದೆ ಸರ್ವಿಸ್ ಶುರುವಾಗುವಾಗ ಒಮ್ಮೆ ಮಾತ್ರ ಓದುತ್ತದೆ. ಬೇರೆ ಬಳಕೆದಾರರ, ಸಾಮಾನ್ಯವಾಗಿ ರೂಟ್‌ನ, ಅಧಿಕಾರದಲ್ಲಿ ಆದೇಶ ಓಡಿಸುವ ಸುಡೊ ಕೂಡ ಮಾಮೂಲಿಯಾಗಿ ನಿಮ್ಮ ವೇರಿಯೆಬಲ್‌ಗಳನ್ನು ಬಹುಪಾಲು ತೆಗೆದುಹಾಕಿಯೇ ಆದೇಶ ಓಡಿಸುತ್ತದೆ.

ಪೈಥಾನ್ ಇದ್ದರೆ

ನಿಯಮ ಬದಲಾಗುವುದಿಲ್ಲ. ಓಎಸ್.ಎನ್ವಿರಾನ್‌ನಲ್ಲಿ ಬದಲಾಯಿಸಿದ್ದು ಆ ಪ್ರೋಗ್ರಾಂಗೆ ಮತ್ತು ಆಮೇಲೆ ಅದು ಹುಟ್ಟಿಸಿದ ಮಕ್ಕಳಿಗೆ ಮಾತ್ರ. ಸಬ್‌ಪ್ರಾಸೆಸ್‌ಗೆ ಎನ್ವ್ ಎಂದು ಬೇರೆ ಪಟ್ಟಿ ಕೊಟ್ಟರೆ ಹಳೆಯದೆಲ್ಲ ಹೋಗಿ ಅದೊಂದೇ ಉಳಿಯುತ್ತದೆ, ಪಾತ್ ಕೂಡ ಇರುವುದಿಲ್ಲ. ಓಎಸ್.ಎನ್ವಿರಾನ್ ನಕಲು ಮಾಡಿಕೊಂಡು, ಅದಕ್ಕೆ ನಿಮ್ಮದನ್ನು ಸೇರಿಸಿ ಕೊಡಿ.

ವಿಂಡೋಸ್ ಕಂಪ್ಯೂಟರ್‌ನಲ್ಲಿ

ಬಿಲ್ಲಿಂಗ್ ವಿಂಡೋಸ್‌ನಲ್ಲಿದ್ದರೆ ಸ್ವಲ್ಪ ವ್ಯತ್ಯಾಸ ಇದೆ. ಕಮಾಂಡ್ ಕಿಟಕಿಯಲ್ಲಿ ಸೆಟ್ ಎಂದು ಹಾಕಿದ್ದು ಆ ಕಿಟಕಿಗೆ ಮಾತ್ರ. ಒಂದು ಬ್ಯಾಚ್ ಫೈಲ್ ಇನ್ನೊಂದನ್ನು ಕಾಲ್ ಎಂದು ಕರೆದರೆ ಎರಡೂ ಒಂದೇ ಕಿಟಕಿಯಲ್ಲಿ ಓಡುತ್ತವೆ, ಸೆಟ್‌ಲೋಕಲ್ ಇಲ್ಲದಿದ್ದರೆ ಬದಲಾವಣೆ ಉಳಿಯುತ್ತದೆ. ಕಾಲ್ ಬಿಟ್ಟು ಬರೀ ಹೆಸರು ಬರೆದರೆ ಮೊದಲ ಫೈಲಿಗೆ ವಾಪಸ್ ಬರುವುದೇ ಇಲ್ಲ. ಸೆಟ್‌ಎಕ್ಸ್ ಶಾಶ್ವತವಾಗಿ ಬರೆದಿಡುತ್ತದೆ, ಆದರೆ ಹೊಸದಾಗಿ ತೆರೆದ ಕಿಟಕಿಗೆ ಮಾತ್ರ ಕಾಣುತ್ತದೆ. 1024 ಅಕ್ಷರ ದಾಟಿದರೆ ಉಳಿದದ್ದನ್ನು ಕತ್ತರಿಸುತ್ತದೆ, ಹಾಗಾಗಿ ಪಾತ್ ಮುಟ್ಟಲು ಅದನ್ನು ಬಳಸಬೇಡಿ.

ಗುಟ್ಟಿನ ಮಾಹಿತಿ ಮತ್ತು ಪತ್ತೆ ಕೆಲಸ

ಎಸ್ಸೆಮ್ಮೆಸ್ ಕಳಿಸಲು ಕೊಟ್ಟ ಕೀಲಿಯನ್ನು ದರಪಟ್ಟಿಯಲ್ಲಿ ಸೇರಿಸಬೇಡಿ. ಅದಕ್ಕೆ ಬೇರೆ ಫೈಲ್, ಅನುಮತಿ 600, ಮತ್ತು ಓದುವುದು ಸಂದೇಶ.ಎಸ್‌ಎಚ್ ಒಂದೇ. ಎಕ್ಸ್‌ಪೋರ್ಟ್ ಮಾಡಿದರೆ ಅದರ ಎಲ್ಲ ಮಕ್ಕಳಿಗೂ ಹೋಗುತ್ತದೆ, ಬೇಕಿಲ್ಲದವರಿಗೂ. ಆದೇಶದ ಸಾಲಿನಲ್ಲಿ ನೇರ ಬರೆದರೆ ಇನ್ನೂ ಕೆಟ್ಟದ್ದು. ಅದೇ ಕಂಪ್ಯೂಟರ್‌ನಲ್ಲಿ ಬೇರೆ ಲಾಗಿನ್‌ನವರು ಪಿಎಸ್ ಆದೇಶ ಹಾಕಿದರೂ ಕಾಣುತ್ತದೆ. ದೋಷ ಹುಡುಕಲು, ಓಡಿಸುವ ಪ್ರತಿ ಆದೇಶವನ್ನೂ ಮುದ್ರಿಸುವ ಸೆಟ್ -ಎಕ್ಸ್ ಹಾಕಿದ್ದರೆ ಲಾಗ್ ಫೈಲಿನಲ್ಲೂ ಕೀಲಿ ಬಂದಿರುತ್ತದೆ, ಕಳಿಸುವ ಮುಂಚೆ ನೋಡಿಕೊಳ್ಳಿ.

ಓಡುತ್ತಿರುವ ಒಂದು ಸ್ಕ್ರಿಪ್ಟ್‌ಗೆ ನಿಜವಾಗಿ ಏನು ಸಿಕ್ಕಿದೆ ಎಂದು ನೋಡಲು ಲಿನಕ್ಸ್‌ನಲ್ಲಿ ಒಂದು ಒಳ್ಳೆಯ ಜಾಗ ಇದೆ. ಪ್ರಾಕ್ ಫೋಲ್ಡರ್‌ನಲ್ಲಿ ಆ ಪ್ರಾಸೆಸ್‌ನ ಸಂಖ್ಯೆಯ ಫೋಲ್ಡರ್, ಅದರೊಳಗೆ ಎನ್ವಿರಾನ್ ಎಂಬ ಫೈಲ್. ನಿಮ್ಮದೇ ಲಾಗಿನ್‌ನ ಪ್ರಾಸೆಸ್ ಆಗಿರಬೇಕು, ಇಲ್ಲವೇ ನೀವು ರೂಟ್ ಆಗಿರಬೇಕು. ಅದರಲ್ಲಿ ಹೊಸ ಸಾಲಿನ ಗುರುತಿನ ಬದಲು ಬೆಲೆ ಸೊನ್ನೆ ಇರುವ ಒಂದು ಬೈಟ್ ಇರುತ್ತದೆ, ಆದ್ದರಿಂದ ಟಿಆರ್ ಆದೇಶದಿಂದ ಬಿಡಿಸಿ ಓದಿ:

ಟಿಆರ್ '\0' '\n' < /ಪ್ರಾಕ್/4321/ಎನ್ವಿರಾನ್

ಇಲ್ಲಿ 4321 ಇರುವ ಕಡೆ ನಿಮ್ಮ ಪ್ರಾಸೆಸ್‌ನ ಸಂಖ್ಯೆ ಹಾಕಿ. ಇಲ್ಲಿ ಕಾಣುವುದು ಪ್ರಾಸೆಸ್ ಶುರುವಾದಾಗ ಕೈಗೆ ಬಂದ ಪಟ್ಟಿ. ಆಮೇಲೆ ಸ್ಕ್ರಿಪ್ಟ್ ಒಳಗೆ ಎಕ್ಸ್‌ಪೋರ್ಟ್ ಮಾಡಿದ್ದು ಇದರಲ್ಲಿ ಬರುವುದಿಲ್ಲ. ಹಾಗಾಗಿ ಹನ್ನೊಂದೂವರೆಯ ದರ ಇಲ್ಲಿ ಕಾಣದಿದ್ದರೆ ಗಾಬರಿಯಾಗಬೇಡಿ, ಚೀಟಿಯಲ್ಲಿ ಮುದ್ರಣವಾದ ದರ ಮತ್ತು ಹೊತ್ತನ್ನು ನೋಡಿ.